ಹವ್ಯಾಸಿಗಳ ಕೀರ್ತಿ: ಬಿಷಪ್ ಆಕ್‌ಲೆಂಡ್ ಕಾಲ್ಚೆಂಡಾಟದ ಸಂಘದ ಚರಿತ್ರೆ

ಸಾಹಿತ್ಯ ಸಂಶೋಧನೆಗೆ ಮೀಸಲಾದ ಈ ಸಂಚಿಕೆಯಲ್ಲಿ ಕಾಲ್ಚೆಂಡಾಟದ ಸಂಘವೊಂದರ ಚರಿತ್ರೆಗೆ ಏನು ಕೆಲಸವೆಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಪ್ರಶ್ನೆ ಸಹಜವಾದುದೇ. ಶಾಸನ, ಕೈಫಿಯತ್ತು, ದೇವಾಲಯದ ಕಡತ ಇವುಗಳನ್ನು ಬಿಟ್ಟು ಬೇರೆಯದಕ್ಕೆ ಚರಿತ್ರೆಯೆಂಬ ಹೆಸರನ್ನು ಕೊಡಲು ನಾವೂ ಬಹುಕಾಲ ಹಿಂಜರಿದವರೇ. ಆದರೆ ಒಂದು ಊರಿನ ಜನ ತಮ್ಮ ಬಿಡುವಿನ ಹೊತ್ತನ್ನು ಹೇಗೆ ಕಳೆದರು, ಅದಕ್ಕಾಗಿ ಯಾರು ಬೆವರು ಸುರಿಸಿದರು, ಯಾರು ಕಾಸು ಕೂಡಿಸಿದರು, ಯಾವುದರಲ್ಲಿ ತಮ್ಮ ಊರಿನ ಮಾನ ಅಡಗಿದೆಯೆಂದು ಬಗೆದರು ಎಂಬುದನ್ನು ತಿಳಿಯದೆ ಆ ಊರನ್ನು ತಿಳಿದೆವೆಂದು ಹೇಳುವುದು ಹೇಗೆ? ಈ ಮಾತು ನಮಗೆ ಪುಸ್ತಕದಿಂದ ಹೊಳೆದುದಲ್ಲ, ಶಾಲೆಯ ಮೈದಾನದಿಂದ ಹೊಳೆದುದು. ಕಾಸರಗೋಡಿನ ಕಡೆಯ ನಮ್ಮ ಮಕ್ಕಳು ತರಗತಿಯಲ್ಲಿ ಕನ್ನಡ ವಿಭಾಗ, ಮಲೆಯಾಳ ವಿಭಾಗ ಎಂದು ಬೇರೆ ಬೇರೆ ಕುಳಿತರೂ ಸಂಜೆಯ ಗಂಟೆ ಹೊಡೆದೊಡನೆ ಒಂದೇ ಚೆಂಡಿನ ಹಿಂದೆ ಓಡುತ್ತಾರೆ. ಮಳೆಗಾಲದ ಕೆಸರೂ ಅವರನ್ನು ತಡೆಯಲಾರದು.

ನಾವಿಲ್ಲಿ ಹೇಳಹೊರಟಿರುವುದು ಇಂಗ್ಲೆಂಡಿನ ಈಶಾನ್ಯ ಭಾಗದ ಡರ್ಹಂ ಕೌಂಟಿಯಲ್ಲಿರುವ ಬಿಷಪ್ ಆಕ್‌ಲೆಂಡ್ ಎಂಬ ಪುಟ್ಟ ಪಟ್ಟಣದ ಹವ್ಯಾಸಿ ಸಂಘದ ಕಥೆ. ದೂರದ ಊರಿನ ಕಥೆಯನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ಆ ಸಂಘದ ಕೀರ್ತಿಯ ದಿನಗಳಲ್ಲಿ ಅದರ ಬೆನ್ನೆಲುಬಾಗಿ ನಿಂತವರಲ್ಲಿ ಹಲವರು ನಮ್ಮಂತೆಯೇ ಶಾಲೆಯ ಉಪಾಧ್ಯಾಯರೆಂಬುದು ಒಂದು. ಸಂಬಳವಿಲ್ಲದೆ ನಡೆಯುವ ಸಂಘವೊಂದು ಸಣ್ಣ ಊರಿಗೆ ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ನಿದರ್ಶನ ನಮಗೆ ತಿಳಿಯದೆಂಬುದು ಇನ್ನೊಂದು.

ಹವ್ಯಾಸಿ ಎಂಬ ಮಾತು

ಮೊದಲು ಈ ಶಬ್ದವನ್ನೇ ಸ್ವಲ್ಪ ವಿಚಾರಿಸೋಣ. ಇಂಗ್ಲಿಷರ 'ಅಮೆಚೂರ್' ಎಂಬ ಪದವು ಪ್ರೀತಿಸುವವನು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಬಂದುದು. ನಾವು ಅದನ್ನು ಹವ್ಯಾಸಿ ಎನ್ನುತ್ತೇವೆ. ನಮ್ಮ ಕರಾವಳಿಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳದ ಕಲಾವಿದನಿಗೆ ಯಕ್ಷಗಾನವೇ ಜೀವನೋಪಾಯ. ಊರಿನ ಯಕ್ಷಗಾನ ಸಂಘದಲ್ಲಿ ಗೆಜ್ಜೆ ಕಟ್ಟುವವನು ಹಗಲು ತೋಟದಲ್ಲಿಯೋ ಅಂಗಡಿಯಲ್ಲಿಯೋ ದುಡಿದು ಬಂದವನು. ತಾಳಮದ್ದಲೆಯಲ್ಲಿ ಅರ್ಥ ಹೇಳುವವರಲ್ಲಿ ಉಪಾಧ್ಯಾಯರ ಸಂಖ್ಯೆ ಎಷ್ಟೆಂಬುದನ್ನು ಎಣಿಸಿದರೆ ಸಾಕು. ಕಲೆ ಒಂದೇ, ಅದಕ್ಕೂ ಅನ್ನಕ್ಕೂ ಇರುವ ಸಂಬಂಧ ಮಾತ್ರ ಬೇರೆ. ಕಾಲ್ಚೆಂಡಾಟದಲ್ಲಿಯೂ ಇದೇ ಭೇದ.

ಆದರೆ ಇಂಗ್ಲೆಂಡಿನಲ್ಲಿ ಈ ಭೇದಕ್ಕೆ ವರ್ಗದ ಲೇಪವೂ ಇದ್ದಿತು. ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಸ್ಥಾಪಿತವಾದಾಗ ಅದರ ಮುಂದಾಳುಗಳು ಬಹುಮಟ್ಟಿಗೆ ಅನುಕೂಲಸ್ಥರ ಮಕ್ಕಳು, ದೊಡ್ಡ ಶಾಲೆಗಳಲ್ಲಿ ಕಲಿತವರು. ಆಟಕ್ಕೆ ಹಣ ಪಡೆಯುವುದು ಅವರ ಕಣ್ಣಿಗೆ ಹೀನವಾಗಿ ಕಾಣುತ್ತಿದ್ದಿತು. ಹಣದ ಅವಶ್ಯಕತೆಯೇ ಇಲ್ಲದವರಿಗೆ ಹಣವನ್ನು ತಿರಸ್ಕರಿಸುವುದು ಸುಲಭವಷ್ಟೆ! ಗಿರಣಿಯ, ಗಣಿಯ ಕೂಲಿಕಾರನ ಪಾಡು ಹಾಗಲ್ಲ. ದೂರದ ಊರಿಗೆ ಆಡಲು ಹೋದರೆ ಅವನ ಅರ್ಧ ದಿನದ ಕೂಲಿ ತಪ್ಪುತ್ತಿದ್ದಿತು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಗಿರಣಿಯೂರಿನ ತಂಡವು ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು ಸೋಲಿಸಿ ಅಸೋಸಿಯೇಷನ್ನಿನ ಕಪ್ಪನ್ನು ಗೆದ್ದಿತು. ಎರಡು ವರ್ಷಗಳ ತರುವಾಯ, 1885ರಲ್ಲಿ, ಆಟಗಾರರಿಗೆ ಸಂಬಳ ಕೊಡಲು ಅಧಿಕೃತವಾಗಿ ಒಪ್ಪಿಗೆ ದೊರೆಯಿತು. ಅಲ್ಲಿಂದ ಮುಂದೆ ದೊಡ್ಡ ಕೈಗಾರಿಕಾ ನಗರಗಳ ವೃತ್ತಿ ತಂಡಗಳದೇ ಮೇಲುಗೈ. ಸಂಬಳವಿಲ್ಲದವರಿಗೆ ತಕ್ಕ ಕಣವೊಂದು ಬೇಕೆಂದು 1893-94ರಿಂದ 'ಅಮೆಚೂರ್ ಕಪ್' ಎಂಬ ಪ್ರತ್ಯೇಕ ಸ್ಪರ್ಧೆಯನ್ನು ಏರ್ಪಡಿಸಿದರು. ನಮ್ಮ ಕಥೆಯ ರಂಗಸ್ಥಳ ಇದೇ.

ಊರು ಮತ್ತು ಸಂಘದ ಹುಟ್ಟು

ಬಿಷಪ್ ಆಕ್‌ಲೆಂಡ್ ವಿಯರ್ ನದಿಯ ದಂಡೆಯ ಮೇಲಿನ ಊರು. ಡರ್ಹಮಿನ ಬಿಷಪ್ಪರ ಅರಮನೆ ಇಲ್ಲಿದ್ದುದರಿಂದಲೇ ಊರಿಗೆ ಈ ಹೆಸರು. ಹಾಸ್ಯನಟ ಸ್ಟ್ಯಾನ್ ಲಾರೆಲ್ ಬಾಲ್ಯದಲ್ಲಿ ಕೆಲಕಾಲ ಓದಿದುದೂ ಈ ಊರಿನ ಶಾಲೆಯಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸುತ್ತಮುತ್ತ ಕಲ್ಲಿದ್ದಲ ಗಣಿಗಳು ಹೆಚ್ಚಿದುವು. 1825ರಲ್ಲಿ ಆರಂಭವಾದ ಪ್ರಸಿದ್ಧ ಸ್ಟಾಕ್‌ಟನ್-ಡಾರ್ಲಿಂಗ್‌ಟನ್ ರೈಲುಮಾರ್ಗದ ಹುಟ್ಟಿಗೂ ಈ ಸೀಮೆಯ ಕಲ್ಲಿದ್ದಲೇ ಕಾರಣ. ಹೀಗೆ ಒಂದು ಕಡೆ ಧರ್ಮಗುರುಗಳ ಅರಮನೆ, ಇನ್ನೊಂದು ಕಡೆ ಮಸಿ ಹತ್ತಿದ ಗಣಿಗಾರರ ಸಾಲುಮನೆ. ಸಂಘ ಹುಟ್ಟಿದುದು ಇವೆರಡರ ಕೂಡುಗೆರೆಯಲ್ಲಿ.

1879ರಿಂದ 1889ರ ವರೆಗೆ ಡರ್ಹಮಿನ ಬಿಷಪ್ಪರಾಗಿದ್ದ ಲೈಟ್‌ಫುಟ್ ಅವರು ದೊಡ್ಡ ವಿದ್ವಾಂಸರು. ಅವರ ಬಳಿ ಧರ್ಮಶಾಸ್ತ್ರವನ್ನು ಅಭ್ಯಾಸಮಾಡಲು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ತರುಣರು ಬಂದು ಅರಮನೆಯಲ್ಲಿ ನೆಲಸುತ್ತಿದ್ದರು. ಚರ್ಚಿನ ಸಂಸ್ಥೆಯ ಆಶ್ರಯದಲ್ಲಿ ಇಂಥವರು ಊರ ಹುಡುಗರೊಡನೆ ಚೆಂಡಾಡಿದುದು ಸಂಘದ ಮೂಲ. 1886ರಲ್ಲಿ ಸಂಘವು ಸ್ವತಂತ್ರವಾಗಿ ನಿಂತಿತು. ಆಕ್ಸ್‌ಫರ್ಡಿನ ಕಡುನೀಲಿ, ಕೇಂಬ್ರಿಜ್ಜಿನ ತಿಳಿನೀಲಿ ಇವೆರಡನ್ನೂ ಕೂಡಿಸಿದ ಅಂಗಿಯೇ ಆಟಗಾರರ ಉಡುಪಾಯಿತು. 'ಎರಡು ನೀಲಿಗಳು' ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ವಿಶ್ವವಿದ್ಯಾನಿಲಯದ ಬಣ್ಣವನ್ನು ಗಣಿಯೂರಿನ ಮಕ್ಕಳು ತೊಟ್ಟರು ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಒಂದು ಸ್ವಾರಸ್ಯವಾದ ಉತ್ತರಕಥೆಯುಂಟು.

1889ರಲ್ಲಿ ಆರಂಭವಾದ 'ನಾರ್ದರ್ನ್ ಲೀಗ್' ಎಂಬ ಪಂದ್ಯಕೂಟದ ಸ್ಥಾಪಕರಲ್ಲಿ, ಆಕ್‌ಲೆಂಡ್ ಟೌನ್ ಎಂಬ ಹೆಸರಿನಿಂದ, ಈ ಸಂಘವೂ ಒಂದಾಗಿದ್ದಿತು. ಕೆಲವು ವರ್ಷಗಳ ಮೇಲೆ ಬಿಷಪ್ ಆಕ್‌ಲೆಂಡ್ ಎಂಬ ಹೆಸರಿನಿಂದಲೇ ಅದನ್ನು ಮರಳಿ ಸೇರಿ, ಕಾಲಕ್ರಮದಲ್ಲಿ 19 ಬಾರಿ ಅಲ್ಲಿ ಪ್ರಥಮ ಸ್ಥಾನವನ್ನು ಪಡೆಯಿತು. ಆ ಕೂಟದಲ್ಲಿ ಇಷ್ಟು ಬಾರಿ ಗೆದ್ದ ಸಂಘ ಬೇರೊಂದಿಲ್ಲ. ಅವರ ಮೈದಾನದ ಹೆಸರು ಕಿಂಗ್ಸ್‌ವೇ. ಅದೂ ಪೂರ್ತಿಯಾಗಿ ಅವರದಲ್ಲ, ಊರಿನ ಕ್ರಿಕೆಟ್ ಸಂಘದೊಡನೆ ಹಂಚಿಕೊಂಡುದು. ಆದುದರಿಂದ ಮೈದಾನದ ಒಂದು ಪಕ್ಕದಲ್ಲಿ ಪ್ರೇಕ್ಷಕರಿಗೆ ಕಟ್ಟೆ ಕಟ್ಟುವ ಹಾಗೆಯೇ ಇರಲಿಲ್ಲ. ಇಂಗ್ಲೆಂಡಿನ ಅತಿ ಪ್ರಸಿದ್ಧ ಹವ್ಯಾಸಿ ಸಂಘದ ಮನೆಗೆ ಮೂರೇ ಗೋಡೆಗಳು!

ಹತ್ತು ಬಾರಿ ಗೆದ್ದವರು

ಅಮೆಚೂರ್ ಕಪ್ಪಿನ ಚರಿತ್ರೆಯೆಂದರೆ ಬಹುಪಾಲು ಈ ಸಂಘದ ಚರಿತ್ರೆಯೇ. 1896, 1900, 1914, 1921, 1922, 1935, 1939, 1955, 1956, 1957 ಹೀಗೆ ಹತ್ತು ಬಾರಿ ಅದನ್ನು ಗೆದ್ದಿತು. ಬೇರೆ ಎಂಟು ಬಾರಿ ಅಂತಿಮ ಪಂದ್ಯದಲ್ಲಿ ಸೋತಿತು. 80 ವರ್ಷ ನಡೆದ ಸ್ಪರ್ಧೆಯಲ್ಲಿ, ನಡುವೆ ಎರಡು ಮಹಾಯುದ್ಧಗಳು ಕಳೆದೂ, 18 ಬಾರಿ ಕೊನೆಯ ಕಣದಲ್ಲಿ ನಿಂತುದು ಸಾಮಾನ್ಯವಲ್ಲ. ಮೂರು ತಲೆಮಾರುಗಳ ಆಟಗಾರರು ಈ ಲೆಕ್ಕದೊಳಗೆ ಬರುತ್ತಾರೆ. 1896ರಲ್ಲಿ ಗೆದ್ದವರ ಮಕ್ಕಳು 1922ರಲ್ಲಿ ಚಪ್ಪಾಳೆ ತಟ್ಟಿರಬೇಕು, ಮೊಮ್ಮಕ್ಕಳು 1957ರಲ್ಲಿ.

ಇದು ಒಂದು ಊರಿನ ಹೆಗ್ಗಳಿಕೆ ಮಾತ್ರವಲ್ಲ, ಆ ಸೀಮೆಯದೇ ಹೆಗ್ಗಳಿಕೆ. ನೆರೆಯ ವೆಸ್ಟ್ ಆಕ್‌ಲೆಂಡ್ ಎಂಬ ಹಳ್ಳಿಯ ತಂಡವು 1909ರಲ್ಲಿ ಇಟಲಿಯ ಟ್ಯೂರಿನ್ ನಗರಕ್ಕೆ ಹೋಗಿ ಚಹಾ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ ಇಟ್ಟಿದ್ದ ಅಂತರರಾಷ್ಟ್ರೀಯ ಪಾರಿತೋಷಕವನ್ನು ಗೆದ್ದು ಬಂದಿತು. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು 6-1ರಿಂದ ಸೋಲಿಸಿತು. ಆಡಿದವರಲ್ಲಿ ಬಹುಮಂದಿ ಗಣಿಗಾರರು. ಪ್ರಯಾಣದ ಸಾಲ ತೀರಿಸಲು ಆ ಪಾರಿತೋಷಕವನ್ನೇ ಊರಿನ ಹೋಟೆಲಿನ ಒಡತಿಯಲ್ಲಿ 40 ಪೌಂಡಿಗೆ ಒತ್ತೆಯಿಡಬೇಕಾಯಿತು. ಹಳ್ಳಿಗೆ ಅದು ಮರಳಿದುದು 1960ರಲ್ಲಿ, 100 ಪೌಂಡು ಕೊಟ್ಟ ಮೇಲೆ. ಕೊನೆಗೆ 1994ರಲ್ಲಿ ಅದು ಕಳುವಾಗಿ, ಈಗ ಪ್ರತಿಕೃತಿಯೊಂದು ಉಳಿದಿದೆ. ಸಣ್ಣ ಊರಿನ ಗೆಲವಿಗೂ ಸಾಲದ ಪತ್ರಕ್ಕೂ ಎಷ್ಟು ಹತ್ತಿರದ ನಂಟು!

ಇಲ್ಲಿ ಪಕ್ಷಪಾತವಿಲ್ಲದೆ ಇನ್ನೊಂದು ಮುಖವನ್ನೂ ಹೇಳಬೇಕು. ಹವ್ಯಾಸಿ ಎಂಬ ಹೆಸರಿನ ಮರೆಯಲ್ಲಿ ಹಣದ ವ್ಯವಹಾರ ನಡೆಯುತ್ತಿದ್ದಿಲ್ಲವೆ? ನಡೆಯುತ್ತಿದ್ದಿತು. ಪ್ರಯಾಣದ ವೆಚ್ಚವೆಂದು ಬರೆದು ಅದಕ್ಕಿಂತ ಹೆಚ್ಚು ಕೊಡುವುದು, ಪಂದ್ಯ ಮುಗಿದ ಬಳಿಕ ಆಟಗಾರನ ಬೂಟಿನೊಳಗೆ ಸದ್ದಿಲ್ಲದೆ ನೋಟನ್ನು ಇಡುವುದು ಇವೆಲ್ಲ ಎಲ್ಲರಿಗೂ ತಿಳಿದಿದ್ದ ಗುಟ್ಟುಗಳು. 'ಬೂಟಿನ ಹಣ' ಎಂಬ ಮಾತೇ ಅಲ್ಲಿ ಹುಟ್ಟಿಕೊಂಡಿತು. ನೆರೆಯ ಕ್ರೂಕ್ ಎಂಬ ಊರಿನ ಸಂಘದ ಲೆಕ್ಕಪತ್ರದಿಂದ ಆರಂಭವಾದ ವಿವಾದವೊಂದು ಹಬ್ಬಿ, 1928ರಲ್ಲಿ ಡರ್ಹಂ ಕೌಂಟಿಯ ಮುನ್ನೂರಕ್ಕೂ ಹೆಚ್ಚು ಆಟಗಾರರು ಶಿಕ್ಷೆಗೆ ಗುರಿಯಾದರು. ಆ ಕಾಲದಲ್ಲಿ ಗಣಿಗಳಲ್ಲಿ ಕೆಲಸವಿಲ್ಲ, 1926ರ ದೀರ್ಘ ಮುಷ್ಕರದಲ್ಲಿ ಸೋತ ಗಣಿಗಾರನ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ. ಅಂಥವನು ಕೆಲವು ಷಿಲಿಂಗುಗಳನ್ನು ಪಡೆದುದನ್ನು ಅಪರಾಧವೆನ್ನುವುದೋ, ಅದನ್ನು ಅಪರಾಧವಾಗಿಸಿದ ನಿಯಮವನ್ನೇ ಪ್ರಶ್ನಿಸುವುದೋ? ನಮ್ಮ ಮಟ್ಟಿಗೆ ಹೇಳುವುದಾದರೆ, ನಿಯಮ ಮುರಿದವನಿಗಿಂತಲೂ ಹಸಿವನ್ನು ಅರಿಯದೆ ನಿಯಮ ಬರೆದವನೇ ಹೆಚ್ಚು ಹೊಣೆಗಾರನೆಂದು ತೋರುತ್ತದೆ.

ಲಕ್ಷ ಜನರ ಮುಂದೆ

ಎರಡನೆಯ ಮಹಾಯುದ್ಧದ ತರುವಾಯ ಹವ್ಯಾಸಿ ಆಟಕ್ಕೆ ಹಿಂದೆಂದೂ ಇಲ್ಲದ ಜನಪ್ರಿಯತೆ ಬಂದಿತು. 1949ರಿಂದ ಅಮೆಚೂರ್ ಕಪ್ಪಿನ ಅಂತಿಮ ಪಂದ್ಯವು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆಯತೊಡಗಿತು. 1950ರಲ್ಲಿ ಅಲ್ಲಿ ಎದುರುಬದುರಾದವರು ಬಿಷಪ್ ಆಕ್‌ಲೆಂಡ್ ಮತ್ತು ಕೆಲವೇ ಮೈಲಿ ದೂರದ ವಿಲಿಂಗ್‌ಟನ್. ನೆರೆಹೊರೆಯ ಎರಡು ಊರಿನವರು ತಮ್ಮ ಜಗಳವನ್ನು ತೀರಿಸಿಕೊಳ್ಳಲು ರಾಜಧಾನಿಗೆ ಹೋದಂತಾಯಿತು. ವಿಲಿಂಗ್‌ಟನ್ 4-0ರಿಂದ ಗೆದ್ದಿತು.

1951ರಲ್ಲಿ ಮತ್ತೆ ಅಂತಿಮ ಪಂದ್ಯ, ಒಂದು ಲಕ್ಷ ಪ್ರೇಕ್ಷಕರು. ಎದುರಾಳಿಗಳು ಪೆಗಸಸ್, ಅಂದರೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಆಟಗಾರರು ಕೂಡಿ ಕಟ್ಟಿದ ತಂಡ. ಅರವತ್ತೈದು ವರ್ಷಗಳ ಹಿಂದೆ ಯಾರಿಂದ ಬಣ್ಣಗಳನ್ನು ಪಡೆದಿದ್ದರೋ ಅವರ ವಂಶವೇ ಎದುರಿಗೆ ಬಂದು ನಿಂತಿತು! ಪೆಗಸಸ್ 2-1ರಿಂದ ಗೆದ್ದಿತು. ಬಣ್ಣ ಕೊಟ್ಟವರು ಕಪ್ಪನ್ನು ಒಯ್ದರು.

1954ರ ಕಥೆ ಇನ್ನೂ ವಿಶೇಷವಾದುದು. ಆ ವರ್ಷ ಎದುರಾಳಿ ಐದಾರು ಮೈಲಿ ದೂರದ ಅದೇ ಕ್ರೂಕ್. ವೆಂಬ್ಲಿಯಲ್ಲಿ ಲಕ್ಷ ಜನರ ಮುಂದೆ 2-2, ನ್ಯೂಕಾಸಲ್ಲಿನಲ್ಲಿ ಮರುಪಂದ್ಯ, ಮತ್ತೆ 2-2. ಮಿಡಲ್ಸ್‌ಬರೋದಲ್ಲಿ ಮೂರನೆಯ ಬಾರಿ ಆಡಿದಾಗ ಕ್ರೂಕ್ 1-0ರಿಂದ ಗೆದ್ದಿತು. ಮೂರು ಪಂದ್ಯಗಳಿಗೂ ಕೂಡಿ ಬಂದವರು ಸುಮಾರು 1,90,000 ಮಂದಿ. ಸಂಬಳವಿಲ್ಲದ ಇಪ್ಪತ್ತೆರಡು ಜನ ಆಡುವುದನ್ನು ನೋಡಲು ಇಷ್ಟು ಜನ ಸೇರಿದುದು ಇಂದು ನಂಬಲು ಕಷ್ಟವಾದರೂ ಸತ್ಯ.

ಸೋಲಿನ ಮೇಲೆ ಸೋಲು ಕಂಡ ತಂಡ 1955ರಲ್ಲಿ ಎದ್ದು ನಿಂತಿತು. ಹೆಂಡನ್ ತಂಡವನ್ನು 2-0ರಿಂದ ಸೋಲಿಸಿ ಕಪ್ಪನ್ನು ಪಡೆಯಿತು. ಅದೇ ಕ್ರೀಡಾವರ್ಷದಲ್ಲಿ, ವೃತ್ತಿ ತಂಡಗಳೂ ಸ್ಪರ್ಧಿಸುವ ದೊಡ್ಡ ಕಪ್ಪಿನಲ್ಲಿ ಕ್ರಿಸ್ಟಲ್ ಪ್ಯಾಲೆಸ್ಸನ್ನು 4-2ರಿಂದಲೂ, ಇಪ್ಸ್‌ವಿಚ್ಚನ್ನು ಮರುಪಂದ್ಯದಲ್ಲಿ 3-0ರಿಂದಲೂ ಸೋಲಿಸಿ ನಾಲ್ಕನೆಯ ಸುತ್ತಿನ ವರೆಗೆ ನಡೆದಿತ್ತು. ಈ ತಂಡದ ಷೇಮಸ್ ಓಕಾನೆಲ್ ಹವ್ಯಾಸಿಯಾಗಿಯೇ ಚೆಲ್ಸಿಗೂ ಆಡುತ್ತಿದ್ದವನು. ಅಲ್ಲಿ ತನ್ನ ಮೊದಲ ಪಂದ್ಯದಲ್ಲಿಯೇ ಮ್ಯಾಂಚೆಸ್ಟರ್ ಯುನೈಟೆಡ್ಡಿನ ವಿರುದ್ಧ ಮೂರು ಗೋಲುಗಳನ್ನು ಹೊಡೆದಿದ್ದನು. 1956ರಲ್ಲಿ ಕೊರಿಂಥಿಯನ್-ಕ್ಯಾಷುವಲ್ಸ್ ತಂಡವನ್ನು ಮರುಪಂದ್ಯದಲ್ಲಿ 4-1ರಿಂದಲೂ, 1957ರಲ್ಲಿ ವಿಕಂ ವಾಂಡರರ್ಸ್ ತಂಡವನ್ನು 3-1ರಿಂದಲೂ ಸೋಲಿಸಿ, ಬಿಷಪ್ ಆಕ್‌ಲೆಂಡ್ ಮೂರು ವರ್ಷ ಒಂದೇ ಸಮನೆ ಕಪ್ಪನ್ನು ಇಟ್ಟುಕೊಂಡಿತು. ಬೇರೆ ಯಾವ ಸಂಘಕ್ಕೂ ಇದು ಸಾಧ್ಯವಾಗಲಿಲ್ಲ.

ಈ ಬೆಳಕಿನ ಪಕ್ಕದಲ್ಲಿಯೇ ಒಂದು ಕತ್ತಲೆಯಿತ್ತು. ಪೆಗಸಸ್ಸಿನೊಡನೆ ಲಕ್ಷ ಜನರ ಮುಂದೆ ಆಡಿದ ಅದೇ 1951ರಲ್ಲಿ ಡರ್ಹಂ ಕೌಂಟಿಯ ಆಡಳಿತವು ಒಂದು ಅಭಿವೃದ್ಧಿ ಯೋಜನೆಯನ್ನು ಹೊರಡಿಸಿತು. ಅದರಲ್ಲಿ ಕೌಂಟಿಯ ಹಳ್ಳಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಕೊನೆಯದಾದ 'ಡಿ' ದರ್ಜೆಗೆ ಸೇರಿದ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಇನ್ನು ಹೊಸ ಬಂಡವಾಳ ಹಾಕತಕ್ಕುದಲ್ಲ, ಗಣಿ ಮುಚ್ಚಿದಂತೆ ಜನರು ಬೇರೆಡೆಗೆ ಹೋಗಲಿ, ಹಳ್ಳಿಗಳು ತಾವಾಗಿ ಕರಗಲಿ ಎಂಬುದು ಅದರ ತಾತ್ಪರ್ಯ. ಬಿಷಪ್ ಆಕ್‌ಲೆಂಡಿನ ಬಳಿಯ ವಿಟನ್ ಪಾರ್ಕ್ ಎಂಬ ಹಳ್ಳಿ ಈ ಪಟ್ಟಿಯಲ್ಲಿದ್ದುದಕ್ಕಾಗಿಯೇ ಹೆಸರಾಯಿತು. ಈ ನೀತಿಯನ್ನು ಕೈಬಿಟ್ಟುದು 1977ರಲ್ಲಿ. ಆ ವೇಳೆಗೆ ಎಷ್ಟೋ ಮನೆಗಳು ನೆಲಸಮವಾಗಿದ್ದುವು. ತಾವು ಹುಟ್ಟಿದ ಊರು ಸರಕಾರದ ಪಟ್ಟಿಯಲ್ಲಿ ಕೊನೆಯ ಅಕ್ಷರವಾಗಿ ನಿಂತುದನ್ನು ಓದಿದ ಜನ, ಶನಿವಾರದ ಮಧ್ಯಾಹ್ನ ಕಿಂಗ್ಸ್‌ವೇ ಮೈದಾನದಲ್ಲಿ ಎರಡು ನೀಲಿಯ ಅಂಗಿಯನ್ನು ಕಂಡು ಕೂಗಿದರು. ಆ ಕೂಗಿನಲ್ಲಿ ಆಟದ ಉತ್ಸಾಹ ಮಾತ್ರವೇ ಇದ್ದಿತೆಂದು ಹೇಳಲಾರೆವು. ಭೂಪಟದ ಅಂಚಿನಲ್ಲಿ ಬಾಳುವ ನಮ್ಮಂಥವರಿಗೆ ಅದರ ಅರ್ಥ ಬೇಗನೆ ತಿಳಿಯುತ್ತದೆ.

ಉಪಾಧ್ಯಾಯ ಆಟಗಾರರು

ಈ ಸುವರ್ಣಕಾಲದ ನಾಯಕ ಬಾಬ್ ಹಾರ್ಡಿಸ್ಟಿ. 1921ರಲ್ಲಿ ಹುಟ್ಟಿದ ಈತನು ವ್ಯಾಯಾಮ ಶಿಕ್ಷಕ. ಗೋಲುರಕ್ಷಕ ಹ್ಯಾರಿ ಷ್ಯಾರೆಟ್ ಶಾಲೆಯ ಉಪಾಧ್ಯಾಯ. ಆಟದ ನಡುವೆ ಚೆಂಡು ತನ್ನ ಕಡೆಗೆ ಬಾರದೆ ಬೇಸರವಾಗಿ ಗೋಲಿನ ಗೆರೆಯ ಮೇಲೆ ಹಿಮದ ಗೊಂಬೆಯನ್ನು ಕಟ್ಟಿದನೆಂಬ ಕಥೆ ಅವನನ್ನು ಕುರಿತು ಇಂದಿಗೂ ಹೇಳಲ್ಪಡುತ್ತದೆ. ಬಲ ಅಂಚಿನಲ್ಲಿ ಮಿಂಚಿನಂತೆ ಓಡುತ್ತಿದ್ದ ವಾರನ್ ಬ್ರಾಡ್ಲಿ ಡರ್ಹಂ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಸಂಘವನ್ನು ಸೇರಿದವನು, ಬಳಿಕ ಅವನೂ ಉಪಾಧ್ಯಾಯನೇ. ಸೋಮವಾರ ಬೆಳಗ್ಗೆ ಇವರು ಹಾಜರಿ ಪುಸ್ತಕವನ್ನು ಹಿಡಿದು ತರಗತಿಗೆ ನಡೆಯುವಾಗ ಮಕ್ಕಳ ಕಣ್ಣುಗಳು ಹೇಗೆ ಅರಳುತ್ತಿದ್ದುವೋ!

ಈ ಕಾಲದ ಒಲಿಂಪಿಕ್ ಕ್ರೀಡೆಗಳು ನಮ್ಮ ದೇಶವನ್ನೂ ಇವರನ್ನೂ ಒಂದೇ ಕಣಕ್ಕೆ ತಂದುವು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹಾರ್ಡಿಸ್ಟಿ ಆಡಿದ ಬ್ರಿಟನ್ ತಂಡವು ನಾಲ್ಕನೆಯ ಸ್ಥಾನ ಪಡೆಯಿತು. ಅದೇ ಸ್ಪರ್ಧೆಯಲ್ಲಿ ಸ್ವತಂತ್ರ ಭಾರತದ ತಂಡ, ಬಹುಮಂದಿ ಬರಿಗಾಲಿನಲ್ಲಿಯೇ, ಫ್ರಾನ್ಸಿನೊಡನೆ ಆಡಿ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 2-1ರಿಂದ ಸೋತಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಷ್ಯಾರೆಟ್ ಬ್ರಿಟನ್ನಿನ ಗೋಲುರಕ್ಷಕ. ಬ್ರಿಟನ್ ಬಲ್ಗೇರಿಯಕ್ಕೆ 6-1ರಿಂದ ಸೋತು ಹಿಂದಿರುಗಿತು. ಭಾರತವಾದರೋ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ನೆವಿಲ್ ಡಿಸೋಜರ ಮೂರು ಗೋಲುಗಳ ಬಲದಿಂದ ಉಪಾಂತ್ಯಕ್ಕೇರಿ, ನಾಲ್ಕನೆಯ ಸ್ಥಾನವನ್ನು ಪಡೆಯಿತು. ಆ ಭಾರತ ತಂಡದ ಗುರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರೂ ಶಾಲೆಯ ಉಪಾಧ್ಯಾಯರಾಗಿದ್ದವರೇ. ಕಾಸರಗೋಡು ಕೇರಳಕ್ಕೆ ಸೇರಿದ ಅದೇ 1956ರ ನವೆಂಬರ್ ಕಳೆದು ಕೆಲವೇ ದಿನಗಳಲ್ಲಿ, ಒಂದು ಉಪಾಧ್ಯಾಯನು ಕಟ್ಟಿದ ತಂಡದಲ್ಲಿ ನಾನಾ ಭಾಷೆಗಳ ಹುಡುಗರು ಹೀಗೆ ಜಗತ್ತಿನ ನಾಲ್ಕನೆಯವರಾದರು.

ಕಷ್ಟದಲ್ಲಿ ಆದ ನೆಂಟರು

1958ರ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನವು ಹಿಮದಲ್ಲಿ ಮೇಲೇರಲಾರದೆ ಅಪಘಾತಕ್ಕೀಡಾಯಿತು. 23 ಮಂದಿ ಸತ್ತರು, ಅವರಲ್ಲಿ 8 ಮಂದಿ ಆಟಗಾರರು. ತಂಡದ ವ್ಯವಸ್ಥಾಪಕ ಮ್ಯಾಟ್ ಬಸ್ಬಿ ಸಾವುಬದುಕಿನ ನಡುವೆ ಆಸ್ಪತ್ರೆಯಲ್ಲಿದ್ದನು. ದೇಶದ ಅತ್ಯಂತ ಪ್ರಬಲ ವೃತ್ತಿ ಸಂಘಕ್ಕೆ ಮೈದಾನಕ್ಕಿಳಿಸಲು ಆಟಗಾರರೇ ಇಲ್ಲವೆಂಬ ಸ್ಥಿತಿ ಬಂದಿತು. ಆಗ ನೆರವಿಗೆ ಬಂದವರಲ್ಲಿ ಈ ಪುಟ್ಟ ಪಟ್ಟಣದ ಹವ್ಯಾಸಿ ಸಂಘವೂ ಒಂದು. ಹಾರ್ಡಿಸ್ಟಿ, ಬ್ರಾಡ್ಲಿ ಮತ್ತು ಡೆರೆಕ್ ಲೂಯಿನ್ ಎಂಬ ಮೂವರನ್ನು ಬಿಷಪ್ ಆಕ್‌ಲೆಂಡ್ ಮ್ಯಾಂಚೆಸ್ಟರಿಗೆ ಕಳುಹಿಸಿತು. 1948ರ ಒಲಿಂಪಿಕ್ ತಂಡಕ್ಕೆ ಬಸ್ಬಿಯೇ ಗುರುವಾಗಿದ್ದುದರಿಂದ ಹಾರ್ಡಿಸ್ಟಿಗೂ ಆತನಿಗೂ ಹಳೆಯ ಸ್ನೇಹ. ಆಟದಿಂದ ನಿವೃತ್ತನಾಗಿದ್ದ ಮೂವತ್ತೇಳು ವರ್ಷದ ಈ ಶಿಕ್ಷಕನು ಮತ್ತೆ ಬೂಟು ಕಟ್ಟಿದನು. ಇವರು ಹೋದುದು ಮೊದಲ ತಂಡದಲ್ಲಿ ಮೆರೆಯಲಿಕ್ಕಲ್ಲ. ಹಿಂದಿನ ಸಾಲಿನ ಹುಡುಗರನ್ನು ಅವಸರದಿಂದ ಮುಂದಕ್ಕೆ ಕರೆದುದರಿಂದ ತೆರವಾದ ಎರಡನೆಯ ತಂಡವನ್ನು ನಿಲ್ಲಿಸಲಿಕ್ಕೆ.

ಮೂವರಲ್ಲಿ ಬ್ರಾಡ್ಲಿ ಅಲ್ಲಿಯೇ ಉಳಿದನು. ಅದೇ ವರ್ಷದ ಕೊನೆಯ ಭಾಗದಲ್ಲಿ ಸಂಬಳದ ಒಪ್ಪಂದಕ್ಕೆ ಸಹಿಮಾಡಿದರೂ ಉಪಾಧ್ಯಾಯವೃತ್ತಿಯನ್ನು ಬಿಡಲಿಲ್ಲ. 1959ರ ಮೇ ತಿಂಗಳಿನಲ್ಲಿ ಇಟಲಿಯ ವಿರುದ್ಧ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಪೂರ್ಣ ತಂಡಕ್ಕೆ ಆಡಿ ಗೋಲನ್ನೂ ಹೊಡೆದನು. ಒಂದೇ ಕ್ರೀಡಾವರ್ಷದಲ್ಲಿ ದೇಶದ ಹವ್ಯಾಸಿ ತಂಡಕ್ಕೂ ಪೂರ್ಣ ತಂಡಕ್ಕೂ ಆಡಿದವನು ಇವನೊಬ್ಬನೇ. ಮುಂದೆ ಮುಖ್ಯೋಪಾಧ್ಯಾಯನಾಗಿ ಬಾಳಿ 2007ರಲ್ಲಿ ತೀರಿಕೊಂಡನು. ಹಾರ್ಡಿಸ್ಟಿ ತೀರಿಕೊಂಡುದು 1986ರಲ್ಲಿ.

ಇಳಿಗಾಲ

1957ರ ಬಳಿಕ ಬಿಷಪ್ ಆಕ್‌ಲೆಂಡ್ ಅಮೆಚೂರ್ ಕಪ್ಪಿನ ಅಂತಿಮ ಪಂದ್ಯವನ್ನು ಮತ್ತೆ ಕಾಣಲಿಲ್ಲ. ಕಾರಣಗಳು ಹಲವು. ಗಣಿಗಳು ಒಂದೊಂದಾಗಿ ಮುಚ್ಚಿದುವು. 1960ರ ದಶಕದಲ್ಲಿ ಸುತ್ತಲಿನ ರೈಲುಮಾರ್ಗಗಳಲ್ಲಿ ಕೆಲವು ನಿಂತುಹೋದುವು. ಮನೆಮನೆಗೆ ಟೆಲಿವಿಷನ್ ಬಂದಿತು, ಕಾರುಗಳು ಹೆಚ್ಚಿದುವು, ದೊಡ್ಡ ನಗರದ ದೊಡ್ಡ ತಂಡವನ್ನು ನೋಡುವುದು ಸುಲಭವಾಯಿತು. 1961ರಲ್ಲಿ ವೃತ್ತಿ ಆಟಗಾರರ ಸಂಬಳದ ಮಿತಿ ರದ್ದಾದ ಮೇಲೆ ಹಣದ ಸೆಳೆತವೂ ಬಲವಾಯಿತು. ಕೊನೆಗೆ ಫುಟ್‌ಬಾಲ್ ಅಸೋಸಿಯೇಷನ್ನು ಬೂಟಿನ ಹಣದ ಕಪಟವನ್ನು ಸಹಿಸಲಾರದೆ 1974ರಲ್ಲಿ ಹವ್ಯಾಸಿ, ವೃತ್ತಿಗಾರ ಎಂಬ ಭೇದವನ್ನೇ ತೊಡೆದುಹಾಕಿತು. ಇನ್ನು ಎಲ್ಲರೂ ಬರಿಯ ಆಟಗಾರರು. ಆ ವರ್ಷದೊಂದಿಗೆ ಅಮೆಚೂರ್ ಕಪ್ಪಿನ ಕಥೆ ಮುಗಿಯಿತು.

ಸಂಘವು ಮಾತ್ರ ಮುಗಿಯಲಿಲ್ಲ. 1988ರಲ್ಲಿ ಮೇಲಿನ ದರ್ಜೆಯ ಲೀಗಿಗೆ ಹೋಗಿ, 2006ರಲ್ಲಿ ಮತ್ತೆ ಹಳೆಯ ನಾರ್ದರ್ನ್ ಲೀಗಿಗೆ ಮರಳಿತು. ನಡುವೆ, 1996ರಲ್ಲಿ, ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿದಾಗ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಕಿಂಗ್ಸ್‌ವೇಗೆ ಬಂದು ಸಹಾಯಾರ್ಥ ಪಂದ್ಯವಾಡಿತು. ಮೂವತ್ತೆಂಟು ವರ್ಷಗಳ ಹಿಂದಿನ ಋಣ ಮರೆತುಹೋಗಿರಲಿಲ್ಲ. 2001ರಲ್ಲಿ ಸಂಘವು ಕಿಂಗ್ಸ್‌ವೇ ಮೈದಾನವನ್ನು ಬಿಟ್ಟಿತು. ಮುಂದಿನ ಸುಮಾರು ಒಂಬತ್ತು ವರ್ಷ ನೆರೆಯವರ ಮೈದಾನಗಳಲ್ಲಿ ಬಾಡಿಗೆಗೆ ಆಡಿತು. ಒಂದು ಕಾಲದ ಎದುರಾಳಿಗಳ ಅಂಗಳದಲ್ಲಿಯೇ ಆಶ್ರಯ! ಹೆರಿಟೇಜ್ ಪಾರ್ಕ್ ಎಂಬ ಹೊಸ ಮೈದಾನ 2010ರಲ್ಲಿ ಸಿದ್ಧವಾಯಿತು. ಅದಕ್ಕಾಗಿ ಮ್ಯಾಂಚೆಸ್ಟರಿನವರು ತಮ್ಮ ಹಳೆಯ ಅಭ್ಯಾಸದ ಮೈದಾನದ ವಿದ್ಯುದ್ದೀಪಗಳನ್ನು ಕೊಡುಗೆಯಾಗಿ ಕೊಟ್ಟರು.

ನಮಗೇನು?

ಈ ಚರಿತ್ರೆಯಿಂದ ನಮಗೆ ತಿಳಿಯತಕ್ಕುದೇನು? ಕೀರ್ತಿಯು ಊರನ್ನು ಉಳಿಸಲಿಲ್ಲವೆಂಬುದು ಮೊದಲನೆಯದು. ಹತ್ತು ಕಪ್ಪುಗಳು ಒಂದು ಗಣಿಯನ್ನಾದರೂ ತೆರೆದಿಡಲಿಲ್ಲ, ಒಂದು ಹಳ್ಳಿಯನ್ನಾದರೂ 'ಡಿ' ಪಟ್ಟಿಯಿಂದ ಬಿಡಿಸಲಿಲ್ಲ. ಸಂಘಗಳಿಂದಲೇ ಎಲ್ಲವೂ ಆದೀತೆಂದು ಭಾಷಣ ಮಾಡುವವರು ಇದನ್ನು ಗಮನಿಸುವುದು ಒಳ್ಳೆಯದು. ಆದರೆ ಎರಡನೆಯದೂ ಉಂಟು. ಮೇಲಿನವರು ಕೊನೆಯ ದರ್ಜೆಗೆ ತಳ್ಳಿದ ಜನ ತಮ್ಮನ್ನು ತಾವು ಕೊನೆಯ ದರ್ಜೆಯವರೆಂದು ಎಣಿಸದಂತೆ ಆ ಸಂಘ ಕಾಪಾಡಿತು. ಇದು ಸಣ್ಣ ಉಪಕಾರವಲ್ಲ. ಮತ್ತು ಆ ಉಪಕಾರವನ್ನು ಮಾಡಿದವರು ಬೇರೆ ಕೆಲಸದಿಂದ ಅನ್ನ ಸಂಪಾದಿಸಿ ಸಂಜೆಯನ್ನು ಊರಿಗೆ ಕೊಟ್ಟವರು.

ಗಡಿನಾಡಿನಲ್ಲಿ ಕನ್ನಡದ ಕೆಲಸವೂ ಬಹುಮಟ್ಟಿಗೆ ಹೀಗೆಯೇ ನಡೆದುಬಂದಿದೆ. ಕಯ್ಯಾರ ಕಿಞ್ಞಣ್ಣ ರೈಗಳು ಹಗಲು ಶಾಲೆಯಲ್ಲಿ ಪಾಠ ಹೇಳಿ, ಹೊಲದಲ್ಲಿ ದುಡಿದು, ಉಳಿದ ಹೊತ್ತನ್ನು ಕಾವ್ಯಕ್ಕೂ ನಾಡಿಗೂ ಕೊಟ್ಟವರು. ಅವರ ಹೆಸರು ಉಳಿಯಿತು. ಆದರೆ ಊರೂರಿನ ವಾಚನಾಲಯ, ಯಕ್ಷಗಾನ ಸಂಘ, ಯುವಕ ಮಂಡಲ, ಆಟದ ಸಂಘ ಇವುಗಳನ್ನು ಸಂಬಳವಿಲ್ಲದೆ ನಡೆಸಿದ ನೂರಾರು ಉಪಾಧ್ಯಾಯರ ಹೆಸರು ಎಲ್ಲಿ ದಾಖಲಾಗಿದೆ? ಬಿಷಪ್ ಆಕ್‌ಲೆಂಡಿನ ಕಥೆಯನ್ನು ಸಾವಿರಾರು ಮೈಲಿ ದೂರದಲ್ಲಿ ಕುಳಿತು ನಾವು ಇಷ್ಟು ವಿವರವಾಗಿ ಬರೆಯಲು ಸಾಧ್ಯವಾದುದು ಏತಕ್ಕೆ? ಅಲ್ಲಿಯವರು ಪಂದ್ಯದ ದಿನ, ಅಂಕ, ಆಡಿದವರ ಹೆಸರು ಇವನ್ನು ಬರೆದಿಟ್ಟುದಕ್ಕೆ. ನಮ್ಮ ಸಂಘಗಳ ನಡವಳಿ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ.

ಆದುದರಿಂದ ಸಹೋದ್ಯೋಗಿಗಳಲ್ಲಿ ನಮ್ಮದೊಂದು ಬಿನ್ನಹ. ಈ ವರ್ಷ ಪ್ರತಿಯೊಂದು ಶಾಲೆಯ ಹಿರಿಯ ತರಗತಿಯ ಮಕ್ಕಳಿಗೆ ತಮ್ಮ ಊರಿನ ಒಂದು ಸಂಘದ ಚರಿತ್ರೆಯನ್ನು ಬರೆಯಲು ಹೇಳೋಣ. ಸ್ಥಾಪನೆಯಾದ ವರ್ಷ, ಮೊದಲ ಸದಸ್ಯರು, ಗೆದ್ದುದು, ಸೋತುದು, ಸಾಲ ಮಾಡಿದುದು, ತೀರಿಸಿದುದು ಎಲ್ಲವೂ ಬರಲಿ. ಭಾಷೆ ಯಾವುದೇ ಇರಲಿ, ಸಂಘ ಯಾರದೇ ಇರಲಿ. ಬದುಕಿರುವ ಹಿರಿಯರನ್ನು ಈಗಲೇ ಕೇಳಬೇಕು, ತಡಮಾಡಿದರೆ ಕೇಳಲು ಅವರಿರುವುದಿಲ್ಲ. ನಮ್ಮ ಶಾಲೆಯಲ್ಲಿ ಮೊದಲನೆಯ ಪಾಠವಾಗಿ ಮಕ್ಕಳನ್ನು ಮೈದಾನಕ್ಕೇ ಕರೆದೊಯ್ಯಬೇಕೆಂದಿದ್ದೇವೆ, ಆ ನೆಲವನ್ನು ಯಾರು ಸಮಮಾಡಿದರು ಎಂಬ ಪ್ರಶ್ನೆಯಿಂದ ಆರಂಭಿಸಿ.